ಅಲೆಕ್ಸಾಂಡರನನ್ನು ನಂಬಿದವರು ಮದ್ದು ಪಾಯಸವನ್ನು ನಂಬಲಿಲ್ಲ

ಆಗಸ್ಟ್ 4ರ ಬೆಳಿಗ್ಗೆ. ಇನ್ನೂ ಆರು ಗಂಟೆ ಆಗಿರಲಿಲ್ಲ, ಹೊರಗೆ ಜಡಿಮಳೆ. ನಮ್ಮ ಹೋಂಸ್ಟೇಯ ಹಿಂದಿನ ಕೋಣೆಯಲ್ಲಿದ್ದ ಬೆಂಗಳೂರಿನ ಅತಿಥಿ ಅಡುಗೆಮನೆ ಬಾಗಿಲ ಹತ್ತಿರ ಬಂದು ನಿಂತರು. ಮುಖ ಬಿಳುಚಿಹೋಗಿತ್ತು. "ಇಲ್ಲಿ ಹತ್ತಿರದಲ್ಲಿ ಆಸ್ಪತ್ರೆ ಎಲ್ಲಿದೆ?" ಅಂತ ಮೆಲ್ಲಗೆ ಕೇಳಿದರು. ಹೆಂಡತಿಗೆ ಇನ್ನೂ ಹೇಳಿಲ್ಲವಂತೆ.

ನನಗೆ ಕೇಳುವ ಮೊದಲೇ ವಿಷಯ ಗೊತ್ತಾಯಿತು. "ಕೆಂಪಗೆ ಹೋಯ್ತಾ?" ಅಂದೆ.

ಪಾಪ, ಮನುಷ್ಯ ಅಲ್ಲೇ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

ಹಿಂದಿನ ದಿನ, ಆಗಸ್ಟ್ 3, ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ 18ನೇ ದಿನ. ಕೊಡಗಿನಲ್ಲಿ ಆವತ್ತು ಮದ್ದು ಸೊಪ್ಪಿನ ಪಾಯಸ ಮಾಡದ ಮನೆ ಕಡಿಮೆ. ಅರೆಭಾಷೆ ಗೌಡರ ಮನೆಗಳಲ್ಲಿ ಇದೇ ಆಟಿ ಪಾಯಸ. ಆ ಸೊಪ್ಪು ನೋಡುವುದಕ್ಕೆ ಏನೂ ವಿಶೇಷ ಇಲ್ಲ, ಸಾಧಾರಣ ಹಸಿರು ಗಿಡ. ನಮ್ಮ ಹಿತ್ತಲಿನ ಆಡುಸೋಗೆಯ ಹತ್ತಿರದ ಬಂಧು. ಆದರೆ ನೀರಿಗೆ ಹಾಕಿ ಕುದಿಸಿ ನೋಡಿ. ಪಾತ್ರೆಯ ನೀರು ಕಡು ನೇರಳೆಯಾಗುತ್ತದೆ, ಶಾಯಿ ಚೆಲ್ಲಿದ ಹಾಗೆ. ಮನೆ ತುಂಬ ಒಂದು ಬಗೆಯ ಘಮ. ಆ ನೀರನ್ನು ಸೋಸಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿದರೆ ಪಾಯಸ. ತುಪ್ಪ, ಜೇನು ಇದ್ದರೆ ಇನ್ನೂ ಚೆನ್ನ. ಮರುದಿನ ಬೆಳಿಗ್ಗೆ ಮೂತ್ರ ಕೆಂಪಗೆ ಹೋಗುತ್ತದೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಇದು ಗೊತ್ತು. ಯಾರದ್ದು ಜಾಸ್ತಿ ಕೆಂಪು ಅಂತ ಸ್ಪರ್ಧೆ ಕೂಡ ನಡೆಯುತ್ತದೆ.

ರಾತ್ರಿ ಬಡಿಸುವಾಗ ನಾನು ಅವರಿಗೆ ಹೇಳಿದ್ದೆ. ಅವರು ನಕ್ಕು, "ಟೂರಿಸ್ಟ್‌ಗಳಿಗೆ ಹೀಗೆಲ್ಲ ಕಥೆ ಹೇಳ್ತೀರಿ ಅಲ್ವಾ" ಅಂದಿದ್ದರು. ತಮಾಷೆ ಏನೆಂದರೆ, ಅದೇ ಊಟದ ಹೊತ್ತಿಗೆ ಅವರೇ ಫೋನ್ ನೋಡಿ ನಮಗೆ ನಮ್ಮ ಊರಿನ ಬಗ್ಗೆ ಒಂದೊಂದಾಗಿ ಹೇಳಿದ್ದರು: ಕೊಡವರು ಅಲೆಕ್ಸಾಂಡರನ ಸೈನಿಕರ ವಂಶ, ಜಿಗಣೆಗೆ 32 ಮಿದುಳು, ನೀಲಕುರಿಂಜಿ 12 ವರ್ಷಕ್ಕೊಮ್ಮೆ ಮಾತ್ರ, ಇಲ್ಲಿ ಯಾರು ಬೇಕಾದರೂ ಬಂದೂಕು ಇಟ್ಟುಕೊಳ್ಳಬಹುದು. ಇವೆಲ್ಲ ಅವರಿಗೆ ಖಚಿತ. ಕಣ್ಣೆದುರು ತಟ್ಟೆಯಲ್ಲಿದ್ದ ನೇರಳೆ ಪಾಯಸ ಮಾತ್ರ ಕಥೆ!

ಅವತ್ತಿನಿಂದ ನನಗೆ ಇದೊಂದು ಹುಚ್ಚು ಹಿಡಿದಿದೆ. ಇಂಥ ವಿಚಿತ್ರ ಸಂಗತಿಗಳನ್ನು ಬಿಚ್ಚಿ ನೋಡುವುದು. ಪೂರ್ತಿ ಸುಳ್ಳು ಅಪರೂಪ. ಹೆಚ್ಚಿನವುಗಳ ಒಳಗೆ ನಿಜದ ಒಂದು ಮೂಳೆ ಇರುತ್ತದೆ. ಮೇಲಿನ ಮಾಂಸವೇ ಬೇರೆಯವರದ್ದು.

ಮೊದಲು ಪಾಯಸದ್ದೇ ಮುಗಿಸುತ್ತೇನೆ. ಬೀಟ್‌ರೂಟ್ ತಿಂದ ಮರುದಿನ ಕೆಲವರಿಗೆ ಹೀಗಾಗುತ್ತದೆ, ನೆನಪಿದೆಯಾ? ಕೆಲಸ ಅದೇ. ನೀರಿನಲ್ಲಿ ಕರಗುವ ಬಣ್ಣ, ಹೊಟ್ಟೆಯಲ್ಲಿ ಪೂರ್ತಿ ಒಡೆಯದೆ ರಕ್ತಕ್ಕೆ ಸೇರುತ್ತದೆ. ಮೂತ್ರಪಿಂಡ ಅದನ್ನು ಸೋಸಿ ಹೊರಗೆ ಹಾಕುತ್ತದೆ. ರಕ್ತ ಅಲ್ಲ, ಬಣ್ಣ. ಮದ್ದು ಸೊಪ್ಪನ್ನೋ ಬೀಟ್‌ರೂಟನ್ನೋ ತಿನ್ನದೆ ಕೆಂಪಗೆ ಹೋದರೆ, ಅಥವಾ ತಿಂದು ಎರಡು ದಿನವಾದರೂ ಹಾಗೇ ಇದ್ದರೆ, ಆಗ ಡಾಕ್ಟರ ಹತ್ತಿರ ಹೋಗಲೇಬೇಕು.

ಇನ್ನು ಈ ಸೊಪ್ಪಿನ ಬಗ್ಗೆ ಹೇಳುವ 18 ಔಷಧಿಯ ಮಾತು. ಕಕ್ಕಡ ತಿಂಗಳು ಶುರುವಾದಾಗಿನಿಂದ ದಿನಕ್ಕೊಂದು ಔಷಧಿ ಈ ಸೊಪ್ಪಿಗೆ ಸೇರುತ್ತಾ ಹೋಗಿ, 18ನೇ ದಿನ 18 ಔಷಧಿ ತುಂಬಿರುತ್ತವೆ ಅನ್ನುತ್ತಾರೆ. ನನ್ನ ಅಜ್ಜಿಯೂ ಹಾಗೇ ಹೇಳುತ್ತಿದ್ದರು. ಲ್ಯಾಬಿನಲ್ಲಿ ಈ ಸೊಪ್ಪನ್ನು ಪರೀಕ್ಷಿಸಿದವರಿದ್ದಾರೆ, ಆಂಟಿಆಕ್ಸಿಡೆಂಟ್ ಗುಣ ಕಂಡಿದೆ. ಅಷ್ಟಕ್ಕೇ ಅದು ಕಾಯಿಲೆ ವಾಸಿಮಾಡುತ್ತದೆ ಅಂತ ಆಗುವುದಿಲ್ಲ. ಮತ್ತೆ 18 ಅನ್ನುವುದು ಎಣಿಸಿ ಬಂದ ಲೆಕ್ಕ ಅಲ್ಲ, ನಮ್ಮ ನಾಲಿಗೆಗೆ ಒಗ್ಗಿದ ಲೆಕ್ಕ. ಪುರಾಣ 18, ಭಾರತದ ಪರ್ವ 18, ಕುರುಕ್ಷೇತ್ರದ ಯುದ್ಧ 18 ದಿನ, ಗೀತೆಯ ಅಧ್ಯಾಯ 18, ಶಬರಿಮಲೆಯ ಮೆಟ್ಟಿಲು 18. "ತುಂಬಾ" ಅನ್ನುವುದನ್ನು ಗೌರವದಿಂದ ಹೇಳುವ ರೀತಿ ಅದು. ಅಜ್ಜಿ ಹೇಳಿದಾಗ ಅದು ನಂಬಿಕೆಯಾಗಿತ್ತು. ಅದೇ ಮಾತು ಫೋನಿಗೆ ಹತ್ತಿದ ಮೇಲೆ "ವಿಜ್ಞಾನ" ಆಗಿಬಿಡುತ್ತದೆ, ತಾಪತ್ರಯ ಶುರುವಾಗುವುದು ಅಲ್ಲಿ.

ಸಂಖ್ಯೆ ಸೇರಿಕೊಂಡರೆ ಯಾವ ಮಾತಿಗೂ ಕಾಲು ಬರುತ್ತದೆ. ಜಿಗಣೆಯ 32 ಮಿದುಳು ನೋಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ತೋಟಕ್ಕೆ ಕಾಲಿಟ್ಟರೆ ಜಿಗಣೆ ಹತ್ತದೆ ಬಿಡುವುದಿಲ್ಲ. ಎಲೆಯ ತುದಿಯಲ್ಲಿ ಹಿಂಬದಿ ಊರಿ, ಮುಂಬದಿ ಎತ್ತಿ ಗಾಳಿಯಲ್ಲಿ ಆಡಿಸುತ್ತಾ ನಿಂತಿರುತ್ತದೆ. ಗುಂಡುಸೂಜಿಯಷ್ಟು ತೆಳ್ಳಗೆ. ನಿಮ್ಮ ಉಸಿರು, ಮೈಶಾಖ, ಹೆಜ್ಜೆಯ ಅದುರು, ಎಲ್ಲ ಅದಕ್ಕೆ ಗೊತ್ತಾಗುತ್ತದೆ. ಸಾಕ್ಸಿನ ನೇಯ್ಗೆಯ ಸಂದಿಯಲ್ಲಿ ನುಗ್ಗಿ, ಕುಡಿದು, ದ್ರಾಕ್ಷಿಯಷ್ಟಾಗಿ ಉದುರುವವರೆಗೂ ನಮಗೆ ಸುದ್ದಿ ಇಲ್ಲ. ಗೊತ್ತಾಗುವುದು ಬೂಟಿನೊಳಗೆ ಒದ್ದೆ ಅನಿಸಿದಾಗ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ರಸ ಅದರ ಎಂಜಲಿನಲ್ಲಿದೆ. ಅದಕ್ಕೇ ಜಿಗಣೆ ಬಿದ್ದ ಮೇಲೂ ರಕ್ತ ಸುಮಾರು ಹೊತ್ತು ನಿಲ್ಲುವುದಿಲ್ಲ.

ಈಗ ಮಿದುಳು. ಜಿಗಣೆಯ ಮೈಯೊಳಗೆ ಹೊಟ್ಟೆಯ ಬದಿಯಲ್ಲಿ ಉದ್ದಕ್ಕೂ ಒಂದು ನರದ ಹುರಿ ಇದೆ. ಅದರಲ್ಲಿ ಜಪಮಾಲೆಯ ಮಣಿಗಳ ಹಾಗೆ ನರದ ಗಂಟುಗಳು. ನಡುಮೈಯಲ್ಲಿ 21. ತಲೆಯ ಕಡೆ 4 ಗಂಟು ಒಟ್ಟು ಸೇರಿ ಒಂದು ಉಂಡೆ. ಬಾಲದ ಕಡೆ 7 ಸೇರಿ ಇನ್ನೊಂದು. ಕೂಡಿಸಿ, 32 ಆಯ್ತಾ? ಲೆಕ್ಕ ಸರಿ, ಹೆಸರು ತಪ್ಪು. ಪ್ರತಿ ಗಂಟೂ ತನ್ನ ತುಂಡಿನ ಮೈಯನ್ನು ನೋಡಿಕೊಳ್ಳುತ್ತದೆ, ಪಕ್ಕದ ಗಂಟಿಗೆ ಸುದ್ದಿ ಮುಟ್ಟಿಸುತ್ತದೆ. ಮಿದುಳು ಅನ್ನಬೇಕಾದದ್ದು ತಲೆಯ ಉಂಡೆಯನ್ನು ಮಾತ್ರ. ಊರಿಗೊಬ್ಬ ಪಂಚಾಯಿತಿ ಅಧ್ಯಕ್ಷ ಇದ್ದಾನೆ ಅಂತ ಜಿಲ್ಲೆಗೆ ನೂರು ಮುಖ್ಯಮಂತ್ರಿ ಅನ್ನೋಕಾಗುತ್ತಾ? ಹಾಗೆ.

ಜಿಗಣೆಯ ವಿಷಯದಲ್ಲಿ ಇನ್ನೊಂದು ಇದೆ. ಅದು ನೆಗೆಯುತ್ತದೆ ಅಂತ ನಮ್ಮ ಕಡೆ ಕೆಲಸದವರು ಹೇಳಿದಾಗ ಓದಿದವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. 2024ರಲ್ಲಿ ಮಡಗಾಸ್ಕರ್ ದ್ವೀಪದ ಒಂದು ಜಾತಿಯ ನೆಲಜಿಗಣೆ ಎಲೆಯಿಂದ ಹೆಡೆ ಹಿಂದಕ್ಕೆಳೆದು ನೆಗೆಯುವ ವಿಡಿಯೊ ವಿಜ್ಞಾನಿಗಳೇ ಪ್ರಕಟಿಸಿದರು. ನಮ್ಮ ಜಿಗಣೆ ಬೇರೆ ಜಾತಿ, ಹೆಚ್ಚಾಗಿ ನೆಲದಿಂದ ಕಾಲಿಗೆ ಹತ್ತುವಂಥದ್ದು. ಆದರೂ ಆ ವಿಡಿಯೊ ನೋಡಿದ ಮೇಲೆ ನಗುವುದನ್ನು ನಿಲ್ಲಿಸಿದ್ದೇನೆ.

ಕುರಿಂಜಿಯ 12ಕ್ಕೂ ಇದೇ ಗತಿ. 2021ರ ಆಗಸ್ಟ್ ಹೊತ್ತಿಗೆ ಮಾಂದಲಪಟ್ಟಿ, ಕೋಟೆಬೆಟ್ಟದ ಕಡೆ ಗುಡ್ಡಗಳೆಲ್ಲ ನೀಲಿಯಾದವು. ಮಂಜು ಸರಿದಾಗ ಒಂದು ಮಗ್ಗುಲು ಪೂರ್ತಿ ನೀಲಿ, ಮತ್ತೆ ಮಂಜು ಮುಚ್ಚಿದರೆ ಏನೂ ಇಲ್ಲ. ಜೀಪಿನ ಸಾಲು ಕಿಲೋಮೀಟರುಗಟ್ಟಲೆ. ಎಲ್ಲರ ಬಾಯಲ್ಲೂ 12 ವರ್ಷ. ಆದರೆ ಕೇರಳದ ಮುನ್ನಾರ್‌ನಲ್ಲಿ ಹೂ ಬಿಟ್ಟದ್ದು 2006ರಲ್ಲಿ, ಆಮೇಲೆ 2018ರಲ್ಲಿ. ಆ ಗಡಿಯಾರಕ್ಕೂ ಈ ಗಡಿಯಾರಕ್ಕೂ ತಾಳೆ ಇಲ್ಲ.

ಯಾಕೆಂದರೆ ಕುರಿಂಜಿ ಅಂದರೆ ಒಂದೇ ಗಿಡ ಅಲ್ಲ, ದೊಡ್ಡ ಸಂಸಾರ. ನೂರಾರು ಜಾತಿ. ಅದರಲ್ಲಿ ನೀಲಗಿರಿ, ಮುನ್ನಾರ್ ಕಡೆಯ ಹೆಸರುವಾಸಿ ಜಾತಿಗೆ 12 ವರ್ಷ. ಮಹಾರಾಷ್ಟ್ರದ ಘಟ್ಟದಲ್ಲಿ ಕಾರವಿ ಅನ್ನುವುದಕ್ಕೆ 8 ವರ್ಷ. ವರ್ಷಾ ವರ್ಷ ಅರಳುವ ಸಾಧು ಜಾತಿಗಳೂ ಇವೆ. ಹೀಗಾಗಿ ಪಶ್ಚಿಮಘಟ್ಟದಲ್ಲಿ ಯಾವುದೋ ಒಂದು ಗುಡ್ಡದಲ್ಲಿ ಹೆಚ್ಚುಕಡಿಮೆ ಪ್ರತಿ ವರ್ಷ ಯಾವುದೋ ಒಂದು ಕುರಿಂಜಿ ಬಿಟ್ಟಿರುತ್ತದೆ. ಸುದ್ದಿ ಮಾತ್ರ ಪ್ರತಿ ಸಲವೂ "12 ವರ್ಷಕ್ಕೊಮ್ಮೆ".

ನನಗೆ ಕೇಳಿದರೆ ನಿಜವಾದ ಬೆರಗು ಆ ಸಂಖ್ಯೆಯಲ್ಲಿ ಇಲ್ಲ. ಅಷ್ಟು ಗಿಡಗಳು ಒಟ್ಟಿಗೆ ಯಾಕೆ ಹೂಬಿಡಬೇಕು? ಬಿದಿರೂ ಹೀಗೇ ಮಾಡುತ್ತದೆ. ಬೀಜ ತಿನ್ನುವ ಹುಳ, ಹಕ್ಕಿ, ಇಲಿ ಎಷ್ಟು ಅಂತ ತಿಂದಾವು? ಒಂದೇ ಸಲ ಬೆಟ್ಟದ ತುಂಬ ಬೀಜ ಸುರಿದರೆ ತಿಂದು ಮುಗಿಯುವುದಿಲ್ಲ, ಉಳಿದದ್ದು ಮೊಳೆಯುತ್ತದೆ. ಮದುವೆ ಊಟಕ್ಕೆ ಊರೆಲ್ಲ ಬಂದರೂ ಅನ್ನ ಉಳಿಯುವ ಹಾಗೆ ಬೇಯಿಸುವ ಲೆಕ್ಕ. ಹೂ ಬಿಟ್ಟು, ಬೀಜ ಉದುರಿಸಿ, ಗಿಡ ಸಾಯುತ್ತದೆ. ಮುಂದಿನದ್ದು ಮಕ್ಕಳ ಪಾಳಿ.

ಅಲೆಕ್ಸಾಂಡರನ ಕಥೆ ಸ್ವಲ್ಪ ಸೂಕ್ಷ್ಮ. ಹೊರಗಿನವರಷ್ಟೇ ಅಲ್ಲ, ನಮ್ಮೂರಲ್ಲೂ ಹೆಮ್ಮೆಯಿಂದ ಹೇಳುವವರಿದ್ದಾರೆ. ಇನ್ನು ಕೆಲವರು ಅರಬರು ಅನ್ನುತ್ತಾರೆ, ಕುಪ್ಯ ತೋರಿಸಿ. ಆ ಕಪ್ಪು ನಿಲುವಂಗಿ, ಸೊಂಟಕ್ಕೆ ಕೆಂಪು ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿ ನೋಡಿದರೆ ಎಲ್ಲಿಂದಲೋ ಬಂದ ಯೋಧ ಅಂತ ಅನಿಸುವುದು ಸಹಜ. ಆದರೆ ನಕ್ಷೆ ತೆಗೆಯಿರಿ. ಅಲೆಕ್ಸಾಂಡರ್ ಕ್ರಿಸ್ತಪೂರ್ವ 326ರಲ್ಲಿ ಪಂಜಾಬಿನ ಬಿಯಾಸ್ ನದಿ ತನಕ ಬಂದ. ಅಲ್ಲಿ ಅವನ ಸೈನಿಕರೇ, ಇನ್ನು ಒಂದು ಹೆಜ್ಜೆ ಮುಂದಕ್ಕೆ ಬರಲ್ಲ ಅಂದರು. ಮನೆಗೆ ಹೋಗಬೇಕು ಅಂತ ಹಟ ಹಿಡಿದವರು. ಸಿಂಧೂ ನದಿ ಹಿಡಿದು ಇಳಿದು ಮಕ್ರಾನ್ ಮರುಭೂಮಿ ದಾಟಿ ವಾಪಸ್ ಹೋದರು. ಬಿಯಾಸ್‌ನಿಂದ ಇಲ್ಲಿಗೆ ನೇರ ಗೆರೆ ಎಳೆದರೂ 2,000 ಕಿಲೋಮೀಟರಿಗಿಂತ ಜಾಸ್ತಿ. ಮನೆ ನೆನಪಾಗಿ ಅಳುತ್ತಿದ್ದವರು ಉಲ್ಟಾ ದಿಕ್ಕಿನಲ್ಲಿ ಅಷ್ಟು ದೂರ ನಡೆದು ಗದ್ದೆ ಮಾಡಿದರಾ?

ಅದಕ್ಕಿಂತ ಗಟ್ಟಿ ಸಾಕ್ಷಿ ನಾಲಿಗೆಯಲ್ಲಿದೆ. ಕೊಡವ ತಕ್ಕ್ ದ್ರಾವಿಡ ಭಾಷೆ. 1930ರ ದಶಕದಲ್ಲಿ ಎಮಿನೊ ಅನ್ನುವ ಭಾಷಾವಿಜ್ಞಾನಿ ಬಂದು ಅದನ್ನು ಕೂತು ಅಭ್ಯಾಸ ಮಾಡಿದ್ದಾರೆ. ನಾವು ಅಷ್ಟು ದೂರ ಹೋಗಬೇಕಿಲ್ಲ. ಸುಗ್ಗಿ ಹಬ್ಬದ ಹೆಸರು ಸಾಕು. ಕೊಡವರು ಪುತ್ತರಿ ಅನ್ನುತ್ತಾರೆ. ಪುದಿಯ ಅರಿ, ಹೊಸ ಅಕ್ಕಿ. ಅದೇ ಹಬ್ಬ ಕನ್ನಡದ ಬಾಯಲ್ಲಿ ಹುತ್ತರಿ. ಹಳಗನ್ನಡದ ಪಾಲು ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು, ಹಾಗೇ. ಕನ್ನಡ ಬಿಟ್ಟುಕೊಟ್ಟ ಪಕಾರವನ್ನು ಕೊಡವ ತಕ್ಕ್ ಉಳಿಸಿಕೊಂಡಿದೆ. ಗ್ರೀಕರ ಮಕ್ಕಳಾಗಿದ್ದರೆ ಹೊಸ ಅಕ್ಕಿಗೆ ಈ ಹೆಸರು ಯಾಕಿರಬೇಕು?

ಹಿಮಾಚಲದ ಮಲಾನಾ ಹಳ್ಳಿಯವರೂ ಅಲೆಕ್ಸಾಂಡರನ ವಂಶ ಅನ್ನಿಸಿಕೊಂಡಿದ್ದಾರೆ, ಪಾಕಿಸ್ತಾನದ ಚಿತ್ರಾಲ್ ಕಡೆಯ ಕಲಾಶರೂ. ಬೆಟ್ಟದ ಮೇಲೆ, ಸ್ವಲ್ಪ ಬೇರೆ ಉಡುಪು, ಬೇರೆ ಪದ್ಧತಿ ಇಟ್ಟುಕೊಂಡು ಬದುಕುವವರು ಸಿಕ್ಕಿದರೆ ಸಾಕು, ಯಾರೋ ಒಬ್ಬರು ಅಲೆಕ್ಸಾಂಡರನನ್ನು ತಂದು ಕಟ್ಟುತ್ತಾರೆ. ನಮ್ಮ ಜನ ಇಲ್ಲೇ ಹುಟ್ಟಿ ಇಲ್ಲೇ ಹೀಗಾದರು ಅಂದರೆ ಯಾಕೋ ಯಾರಿಗೂ ಸಮಾಧಾನ ಇಲ್ಲ.

ಸ್ಕಾಟ್ಲೆಂಡಿನ ವಿಷಯ ಬೇಗ ಮುಗಿಯುತ್ತದೆ. "ಭಾರತದ ಸ್ಕಾಟ್ಲೆಂಡ್" ಅನ್ನುವ ಬೋರ್ಡು ಇಲ್ಲದ ರಸ್ತೆ ಇಲ್ಲ. ಸ್ಕಾಟ್ಲೆಂಡಿನ ಅತಿ ಎತ್ತರದ ಬೆಟ್ಟ ಬೆನ್ ನೆವಿಸ್ 1,345 ಮೀಟರ್. ನಮ್ಮ ತಡಿಯಂಡಮೋಳ್ 1,748. ಮಡಿಕೇರಿಯ ಬಸ್‌ಸ್ಟ್ಯಾಂಡಿನಲ್ಲಿ ಸುಮ್ನೆ ಕಾಫಿ ಕುಡಿಯುತ್ತಾ ನಿಂತವನೇ ಸಾವಿರ ಮೀಟರ್ ಮೇಲಿರುತ್ತಾನೆ. ಅವರೇ ತಮ್ಮೂರನ್ನು ಯುರೋಪಿನ ಕೊಡಗು ಅನ್ನಲಿ.

ಬಂದೂಕಿನದ್ದು ಷರತ್ತು ಉದುರಿಹೋದ ನಿಜ. 1861ರಲ್ಲಿ ಬ್ರಿಟಿಷರು ಆಯುಧ ಕಿತ್ತುಕೊಳ್ಳುವ ಕಾನೂನು ತಂದಾಗ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟ. ಬೆಂಗಳೂರಿನ ಕಬ್ಬನ್ ಪಾರ್ಕಿನ ಅದೇ ಕಬ್ಬನ್. ಸ್ವಾತಂತ್ರ್ಯ ಬಂದ ಮೇಲೂ ಕೊಡವರಿಗೆ ಮತ್ತು ಜಮ್ಮಾ ಅನ್ನುವ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಮುಂದುವರಿಯಿತು. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆದರೆ ವಿನಾಯಿತಿ ಪತ್ರ ಬೇಕು, ಅದು ಎಲ್ಲ ಬಗೆಯ ಆಯುಧಕ್ಕೂ ಅಲ್ಲ, ಕೊಡಗಿನಲ್ಲಿ ವಾಸ ಇರುವ ಎಲ್ಲರಿಗೂ ಅಲ್ಲ. ನಮ್ಮ ಮನೆಗಂತೂ ಇಲ್ಲ. ಅತಿಥಿಗೆ ಇದು ಕೇಳಿ ಸ್ವಲ್ಪ ನಿರಾಸೆಯೇ ಆಯಿತು.

ದೊಡ್ಡವರ ಹೆಸರಿನ ಕಥೆಗಳನ್ನು ಬಿಚ್ಚುವುದು ಹೆಚ್ಚು ಕಷ್ಟ, ಯಾಕೆಂದರೆ ಪ್ರೀತಿ ಅಡ್ಡ ಬರುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಎರಡು ಕಥೆ ಜನವರಿ 15ಕ್ಕೆ ತಪ್ಪದೆ ಫೋನಿಗೆ ಬರುತ್ತವೆ, ಸೇನಾ ದಿನ ಅಲ್ವಾ. ಮೊದಲನೆಯದು ಹೀಗೆ: ಸ್ವಾತಂತ್ರ್ಯ ಬಂದ ಕೂಡಲೇ ನೆಹರೂ ಸಭೆ ಕರೆದು, ನಮ್ಮವರಿಗೆ ಅನುಭವ ಇಲ್ಲ, ಬ್ರಿಟಿಷ್ ಅಧಿಕಾರಿಯನ್ನೇ ಸೇನಾ ಮುಖ್ಯಸ್ಥ ಮಾಡೋಣ ಅಂದರಂತೆ. ಒಬ್ಬ ಅಧಿಕಾರಿ ಎದ್ದು, ದೇಶ ನಡೆಸಿದ ಅನುಭವವೂ ನಮಗಿಲ್ಲ, ಪ್ರಧಾನಿಯಾಗಿಯೂ ಬ್ರಿಟಿಷರನ್ನೇ ತರೋಣವೇ ಅಂದರಂತೆ. ಎಲ್ಲರೂ ತಲೆ ತಗ್ಗಿಸಿ, ಕಾರ್ಯಪ್ಪನವರನ್ನು ಆರಿಸಿದರಂತೆ.

ಕೇಳೋಕೆ ಚೆನ್ನಾಗಿದೆ. ಆದರೆ ಸಭೆ ಯಾವ ದಿನ, ಯಾವ ಊರಲ್ಲಿ? ಸಂದೇಶದಲ್ಲಿ ಇಲ್ಲ. ದಿನಾಂಕ ಇರುವ ಸಂಗತಿಗಳ ಪಕ್ಕ ಇಟ್ಟರೆ ಕಥೆ ನಿಲ್ಲುವುದೇ ಇಲ್ಲ. ಸ್ವಾತಂತ್ರ್ಯ ಬಂದ ಮೇಲೆ ಭಾರತದ ಸೇನೆಗೆ ಬ್ರಿಟಿಷರೇ ಮುಖ್ಯಸ್ಥರಾಗಿದ್ದರು, ಮೊದಲು ಲಾಕ್‌ಹಾರ್ಟ್, ಆಮೇಲೆ ಬುಚರ್. ಒಟ್ಟು 17 ತಿಂಗಳು. ಬುಚರ್ ಕೈಯಿಂದ 1949ರ ಜನವರಿ 15ರಂದು ಕಾರ್ಯಪ್ಪ ಅಧಿಕಾರ ವಹಿಸಿಕೊಂಡರು. ವಾಯುಸೇನೆಗೆ 1954ರ ತನಕ, ನೌಕಾಸೇನೆಗೆ 1958ರ ತನಕ ಬ್ರಿಟಿಷ್ ಮುಖ್ಯಸ್ಥರಿದ್ದರು. ಅಷ್ಟು ಚುರುಕಾದ ಉತ್ತರ ಕೇಳಿ ತಲೆ ತಗ್ಗಿಸಿದ್ದರೆ ಹೀಗಾಗುತ್ತಿತ್ತಾ?

ಎರಡನೆಯ ಕಥೆ ಇದಕ್ಕಿಂತ ಸಿನಿಮಾದ ಹಾಗಿದೆ, ಆದರೂ ಇದರ ಬುಡ ಗಟ್ಟಿ. 1965ರ ಯುದ್ಧದ ಕೊನೆಯ ಘಳಿಗೆಯಲ್ಲಿ, ಸೆಪ್ಟೆಂಬರ್ 22ರಂದು, ಕಾರ್ಯಪ್ಪನವರ ಮಗನ ವಿಮಾನ ಬಿತ್ತು, ಅವರು ಪಾಕಿಸ್ತಾನದ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ದೇಶ ಒಡೆಯುವ ಮುಂಚೆ ಕಾರ್ಯಪ್ಪನವರನ್ನು ಬಲ್ಲವರು. ಮಗನನ್ನು ಬಿಡುತ್ತೇನೆ ಅಂತ ಹೇಳಿಕಳಿಸಿದರು. ಎಲ್ಲ ಕೈದಿಗಳೂ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಅನ್ನುವ ಅರ್ಥದ ಉತ್ತರ ಮಡಿಕೇರಿಯಿಂದ ಹೋಯಿತು. ಇದನ್ನು ಹೇಳಿದವರು ಯಾರೋ ದಾರಿಹೋಕರಲ್ಲ, ಸೆರೆಯಲ್ಲಿದ್ದ ಮಗನೇ. ಮುಂದೆ ವಾಯುಸೇನೆಯಲ್ಲಿ ಏರ್ ಮಾರ್ಷಲ್ ಆದವರು. ದಿನಾಂಕ ಇದೆ, ಸೆರೆವಾಸ ದಾಖಲಾಗಿದೆ, ಹೇಳಿದವರ ಹೆಸರಿದೆ. ನಾನು ನೋಡುವುದು ಇಷ್ಟೇ.

ರಾಜಕುಮಾರಿ ಗೌರಮ್ಮನ ಕಥೆಗೂ ಬುಡ ಇದೆ. ಕೊಡಗಿನ ಕೊನೆಯ ರಾಜ ಚಿಕವೀರ ರಾಜೇಂದ್ರ 1834ರಲ್ಲಿ ಪಟ್ಟ ಕಳೆದುಕೊಂಡ. 1852ರಲ್ಲಿ ಮಗಳನ್ನು ಕರೆದುಕೊಂಡು ಲಂಡನ್ನಿಗೆ ಹೋದ, ಈಸ್ಟ್ ಇಂಡಿಯಾ ಕಂಪನಿಯ ಮೇಲೇ ದಾವೆ ಹಾಕಿದ. ವಿಕ್ಟೋರಿಯಾ ರಾಣಿ ಆ ಹುಡುಗಿಗೆ ಧರ್ಮಮಾತೆಯಾದಳು. ಕೊಹಿನೂರ್ ವಜ್ರ ಕಳೆದುಕೊಂಡ ಪಂಜಾಬಿನ ದುಲೀಪ್ ಸಿಂಗ್‌ಗೆ ಅವಳನ್ನು ಮದುವೆ ಮಾಡಿಸಬೇಕು ಅಂತ ರಾಣಿಗೆ ಆಸೆ ಇತ್ತು, ದುಲೀಪ್ ಒಪ್ಪಲಿಲ್ಲ. ಅವಳು ಒಬ್ಬ ಇಂಗ್ಲಿಷ್ ಸೇನಾಧಿಕಾರಿಯನ್ನು ಮದುವೆಯಾಗಿ, ಒಂದು ಹೆಣ್ಣುಮಗುವಿನ ತಾಯಾಗಿ, 1864ರಲ್ಲಿ ಇಪ್ಪತ್ತಮೂರರ ಹತ್ತಿರ ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಸಮಾಧಿ ಇದೆ. ಫೋನಿಗೆ ಬರುವ ಕಥೆಯಲ್ಲಿ ಅವಳು "ಕೊಡವ ರಾಜಕುಮಾರಿ". ಅಲ್ಲ, ಅವಳ ಮನೆತನದ ಹಾಲೇರಿ ಅರಸರು ವೀರಶೈವರು. ನಿಜವೇ ಇಷ್ಟು ವಿಚಿತ್ರವಾಗಿರುವಾಗ ಮತ್ತೆ ಒಗ್ಗರಣೆ ಯಾಕೆ ಬೇಕೋ.

ಇದೇ ಕೊಡಗು ಒಂದು ರಾಜ್ಯವಾಗಿತ್ತು, ಸ್ವಂತ ಮುಖ್ಯಮಂತ್ರಿ ಇದ್ದರು ಅಂತ ನಾನು ಆ ಅತಿಥಿಗೆ ಹೇಳಿದೆ. 1952ರಲ್ಲಿ 24 ಸೀಟಿನ ವಿಧಾನಸಭೆಗೆ ಚುನಾವಣೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, 1956ರ ನವೆಂಬರ್ 1ಕ್ಕೆ ಮೈಸೂರಿಗೆ ಸೇರ್ಪಡೆ. ಅವರು ನಂಬಿದರಾ? ಫೋನ್ ತೆಗೆದು ಹುಡುಕಿ ನೋಡಿದರು. ಮೂತ್ರದ ವಿಷಯ ಆದ ಮೇಲೆ ಸ್ವಲ್ಪ ಹುಷಾರಾಗಿದ್ದರು ಅನ್ನಿ.

ಮೂರು ವಾರ ಆಯಿತು. ಮೈಸೂರಿನ ಚಿಕ್ಕಮ್ಮ ಒಂದು ಸಂದೇಶ ಕಳಿಸಿದರು. ಕೊಡಗಿನ ದಟ್ಟ ಕಾಡಿನಲ್ಲಿ ವರ್ಷಕ್ಕೆ ಒಂದೇ ದಿನ ಸಿಗುವ ಸೊಪ್ಪಂತೆ. ರಾಜರ ಕಾಲದಲ್ಲಿ ಸೈನಿಕರಿಗೆ ಗುಟ್ಟಾಗಿ ಕೊಡುತ್ತಿದ್ದರಂತೆ. ಮೈಯಲ್ಲಿರುವ ಕೆಟ್ಟ ರಕ್ತವೆಲ್ಲ ಮರುದಿನ ಕೆಂಪಾಗಿ ಹೊರಗೆ ಹೋಗುತ್ತದಂತೆ. ಜಪಾನಿನ ವಿಜ್ಞಾನಿಗಳು ಬೆರಗಾಗಿದ್ದಾರಂತೆ. ಜೊತೆಗೊಂದು ಫೋಟೋ, ನೇರಳೆ ಪಾಯಸ ತುಂಬಿದ ಪಾತ್ರೆ. ದೊಡ್ಡದು ಮಾಡಿ ನೋಡಿದೆ. ಅಂಚಿನ ಹತ್ತಿರ ನಗ್ಗಿದ ಗುರುತು, ಅದರ ಕೆಳಗೆ ಅಜ್ಜಿಯ ಹೆಸರಿನ ಮೊದಲಕ್ಷರ ಕೊರೆದದ್ದು.

ಕೆಳಗೆ ಚಿಕ್ಕಮ್ಮ ಬರೆದಿದ್ದರು: "ಮುಂದಿನ ವರ್ಷ ನನಗೂ ಸ್ವಲ್ಪ ಕಳಿಸು ಮಾರಾಯ, ನಮ್ಮ ಮಾಮೂಲಿ ಮದ್ದು ಸೊಪ್ಪು ಬೇಡ, ಇದು."